ಬಾಬುಸಾಬ ಕಾಕಾನ ಎಂಟು ಬಲ್ಬು

ನಮ್ಮ ಸಂಶಿ ಸುತ್ತಮುತ್ತ ಯಾವ ಹೊಲಕ್ಕ ಹೋದ್ರೂ ಒಂದಲ್ಲ ಒಂದು ಪಂಪಿನ ಮ್ಯಾಲೆ ಕೆಂಪು ಎಣ್ಣಿಬಣ್ಣದಾಗ 'ಸುಳ್ಳ' ಅಂತ ಬರದದ್ದು ಇವತ್ತಿಗೂ ಕಾಣತೈತಿ. ಕೆಲವು ಮನಿಯೊಳಗ ಮಿಕ್ಸರಿನ ಹೊಟ್ಟಿ ಮ್ಯಾಲೆ ಐತಿ, ಇಸ್ತ್ರಿಪೆಟ್ಟಿಗಿ ಹಿಡಿಕಿ ಮ್ಯಾಲೆ ಐತಿ. ಅದು ಬಾಬುಸಾಬ ಕಾಕಾನ ಅಕ್ಷರ. ಬಸ್‌ಸ್ಟ್ಯಾಂಡಿನ ಎದುರಿಗೆ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ರು. ಕೈಗೆ ಬಂದ ಯಾವ ಸಾಮಾನನ್ನೂ ಪರೀಕ್ಷೆ ಮಾಡದ ವಾಪಸ್ ಕೊಡತಿರಲಿಲ್ಲ. ಪಟ್ಟಿ ಮ್ಯಾಲೆ ಕಂಪನಿಯವರು ಬರದಷ್ಟು ಶಕ್ತಿ ಅದಕ್ಕಿದ್ರ 'ಖರೆ' ಅಂತ ಬರೀತಿದ್ರು. ಇಲ್ಲಂದ್ರ ಇನ್ನೊಂದು. ಗಿರಾಕಿ ಕೇಳಲಿ ಬಿಡಲಿ, ಬರೀತಿದ್ರು. ಕಾಕಾ ಹೋಗಿ ಎರಡು ವರ್ಷ ಆತು, ನನ್ನ ಸಿಟ್ಟು ಮಾತ್ರ ಇನ್ನೂ ಇಳದಿಲ್ಲ.

ನೋಡಾಕ ಒಣಕಲು ಮನಿಷಾ. ಚಸ್ಮಾದ ಒಂದು ಕಡ್ಡಿ ಮುರದಿತ್ತು, ಅಲ್ಲಿ ವೈಂಡಿಂಗಿನ ತಾಮ್ರದ ತಂತಿ ಸುತ್ತಿದ್ರು. ಹೊಸಾ ಚಸ್ಮಾ ಮಗಳು ತಂದು ಕೊಟ್ಟಿದ್ಲು, ಅದು ಡಬ್ಬಿಯೊಳಗ ಇತ್ತು. ಚಾ ಬಂದ್ರ ಬಸಿಗೆ ಸುರುವಿಕೊಂಡು, ಗಿರಾಕಿಗೆ ಬೆನ್ನು ಮಾಡಿ ಕುಡೀತಿದ್ರು. ಮಾತಾಡಸಿದ್ರ ಬೈತಿದ್ರು, ಮಾತಾಡಸದಿದ್ರ "ಯಾಕ, ಬಾಯಾಗ ಏನಿಟ್ಟೀಯಲೇ?" ಅಂತ ಬೈತಿದ್ರು. ಖಾರ ಕುಟ್ಟೋ ಗಿರಣಿಯವರು ಸುಗ್ಗಿಯೊಳಗ ಮೋಟರ್ ಸುಟ್ಟುಕೊಂಡು ಓಡಿ ಬರತಿದ್ರು. ಮೆಣಸಿನಕಾಯಿ ಚೀಲ ಸಾಲಾಗಿ ನಿಂತಿರತಿದ್ವು, ಹೆಣ್ಣುಮಕ್ಕಳು ಕಾಯ್ತಿರತಿದ್ರು. ಕಾಕಾ ತಂತಿ ಸುತ್ತಿ ಮುಗಿಸಿ, ಮೋಟರ್ ತಿರಗಿಸಿ ತೋರಸತಿದ್ರು. ಗಿರಣಿಯವ "ತಿರಗೇತಲ್ಲರಿ ಕಾಕಾ, ಕೊಡ್ರಿ ಇನ್ನ" ಅಂತ ಕೈ ಚಾಚತಿದ್ದ. ಕಾಕಾ ಕೊಡತಿರಲಿಲ್ಲ. "ತಿರಗೂದು ಬ್ಯಾರೆ, ಎಳಿಯೂದು ಬ್ಯಾರೆ" ಅಂತಿದ್ರು. ತಾವ ಗಿರಣಿಗೆ ಹೋಗಿ, ಮೋಟರ್ ಕೂಡ್ರಿಸಿ, ಒಂದು ಚೀಲ ಕುಟ್ಟಿಸಿ, ಮ್ಯಾಲೆ ಕೈ ಇಟ್ಟು ಬಿಸಿ ನೋಡಿನ ಬರತಿದ್ರು. ಆ ಖಾರದ ಘಾಟಿಗೆ ಎರಡು ದಿವಸ ಕೆಮ್ಮತಿದ್ರು, ಕೆಮ್ಮಿಕೋತನ ಬೈತಿದ್ರು.

ಒಮ್ಮೆ ನಮ್ಮೂರ ಸಾಲಿಗೆ ಒಬ್ಬ ದೊಡ್ಡಮನಿಷಾ ಹನ್ನೆರಡು ಫ್ಯಾನ್ ದಾನ ಕೊಟ್ಟ. ಪ್ರತಿಯೊಂದರ ಮ್ಯಾಲೂ ದೊಡ್ಡ ಅಕ್ಷರದಾಗ ಅವನ ಹೆಸರು. ಜೋಡಿಸಾಕ ಕಾಕಾನ್ನ ಕರದ್ರು. ಕಾಕಾ ಹನ್ನೆರಡನ್ನೂ ಅಂಗಡಿಗೆ ಒಯ್ದು ಇಡೀ ದಿನ ತಿರಗಿಸಿದ್ರು. ನಾಕು ಫ್ಯಾನ್ ಕೈ ಇಡಾಕಾಗದಷ್ಟು ಕಾದವು. ಆ ನಾಕರ ಮ್ಯಾಲೆ, ದಾನಿ ಹೆಸರಿನ ಬುಡಕ್ಕ, ಕೆಂಪು ಬಣ್ಣದಾಗ ಬರದು ತಂದು ತೂಗಹಾಕಿದ್ರು. ಉದ್ಘಾಟನಿ ದಿವಸ ದಾನಿ ಬಂದ, ಹಾರ ಹಾಕಿಸಿಕೊಂಡ, ಖುಷಿಯಿಂದ ಮ್ಯಾಲೆ ನೋಡಿದ. ತನ್ನ ಹೆಸರು, ಅದರ ಕೆಳಗ 'ಸುಳ್ಳ'. ಹೆಡ್‌ಮಾಸ್ತರರು ಬೆವರಿ ನೀರಾದ್ರು. ಕಾಕಾ ಮಾತ್ರ ಹಿಂದ ನಿಂತು, "ಸಾಹೇಬ್ರ, ನಿಮಗ ಬೈದದ್ದಲ್ಲರಿ, ಫ್ಯಾನಿಗೆ ಬೈದದ್ದು. ಅಂಗಡಿಯವ ನಿಮಗ ಟೊಪಿಗಿ ಹಾಕ್ಯಾನ" ಅಂದ್ರು. ನಾನು ಆಗ ಒಂಬತ್ತನೇ ಇಯತ್ತೆಯೊಳಗಿದ್ದೆ. ಅವತ್ತು ನಕ್ಕಷ್ಟು ನಾ ಸಾಲಿಯೊಳಗ ಮತ್ತ್ಯಾವತ್ತೂ ನಕ್ಕಿಲ್ಲ.

ಮುಂದ ನಾನು ಡಿಗ್ರಿ ಮುಗಿಸಿ, ಕಾಕಾನ ಅಂಗಡಿ ಬಾಜೂಕ ಝೆರಾಕ್ಸ್ ಮತ್ತ ಆನ್‌ಲೈನ್ ಅರ್ಜಿ ಹಾಕೋ ಅಂಗಡಿ ತಗದೆ. ನಡುವ ಒಂದ ಗ್ವಾಡಿ. ನನ್ನ ಪ್ರಿಂಟರ್ ಕೆಟ್ಟಾಗ ನಾ ಬೈದದ್ದು ಅವರಿಗೆ ಕೇಳಸತಿತ್ತು, ಅವರು ಬೈದದ್ದು ನನಗ. ನನಗೂ ಸಿಟ್ಟು ಮೂಗಿನ ತುದಿ ಮ್ಯಾಲೆ. ಅದಕ್ಕ ಇರಬೇಕು, ಕಾಕಾಗ ನನ್ನ ಮ್ಯಾಲೆ ಒಂದು ನಮೂನಿ ಮಾಯೆ. "ಗಿರಿಜಿ, ಬಾರಬೇ, ಚಾ ಬಂದೈತಿ" ಅಂತ ಗ್ವಾಡಿ ಬಡೀತಿದ್ರು. ಮೀಟರ್ ಹಿಡಿಯೂದು, ತಂತಿ ಗುರುತು ಹಿಡಿಯೂದು ಎಲ್ಲಾ ಅಲ್ಲೇ ಕಲತೆ. ತಪ್ಪು ಮಾಡಿದ್ರ ಬೈತಿದ್ರು, ಸರಿ ಮಾಡಿದ್ರ ಸುಮ್ಮನಿರತಿದ್ರು.

ನಾನು ಗೇಮ್ ಆಡ್ತೀನಿ. ಹೌದು, ಇಪ್ಪತ್ತೇಳು ವರ್ಷದಾಕಿ, ಸಂಶಿಯೊಳಗ ಕುಂತು, ಕಂಪ್ಯೂಟರಿನ್ಯಾಗ ಬಂದೂಕು ಹಿಡಕೊಂಡು ಓಡ್ಯಾಡತೀನಿ. ಇದನ್ನ ಕೇಳಿ ನಕ್ಕವರ ಹೆಸರು ಬರಿಯಾಕ ಹೋದ್ರ ಈ ಹಾಳಿ ಸಾಲೂದಿಲ್ಲ. ಅವ್ವ "ಮದಿವಿ ವಯಸ್ಸಿನ್ಯಾಗ ಇದೇನ ಹುಡುಗಾಟ" ಅಂತಾಳ, ಅಣ್ಣ "ಬ್ಯಾರೆ ಕೆಲಸ ಇಲ್ಲೇನು?" ಅಂತಾನ. ಕಾಕಾ ಒಬ್ಬರ ಕೇಳಿದ್ರು, "ಎಷ್ಟ ಚಲೋ ಆಡತೀ?" ಅಂತ. ಭಾಳ ಚಲೋ ಆಡತೀನಿ ಅಂದೆ. "ಹಂಗಾರ ಆಡು" ಅಂದು ಮೋಟರಿಗೆ ತಿರಗಿದ್ರು. ಒಂದು ಹುಡುಗ್ಯಾರ ತಂಡ ನನ್ನ ಆಟ ನೋಡಿ, ರವಿವಾರ ಪರೀಕ್ಷೆ ಆಟ ಆಡು, ಗೆದ್ರ ತಂಡಕ್ಕ ತಗೋತೀವಿ ಅಂತ ಕರದಿತ್ತು. ಅದಕ್ಕಂತನ ಹುಬ್ಬಳ್ಳಿಯ ಒಂದು ಅಂಗಡಿಯಿಂದ ಕಂಪ್ಯೂಟರಿನ ಬಿಡಿ ಸಾಮಾನು ತಂದು, ನನ್ನ ಕೈಯಾರ ಹೊಸಾ ಮಿಷನ್ ಜೋಡಿಸಿದ್ದೆ.

ಮಿಷನ್ ಚಾಲೂ ಆತು. ಸಿನಿಮಾ ಓಡತಿತ್ತು, ಅರ್ಜಿ ತುಂಬತಿತ್ತು. ಗೇಮ್ ತಗದು, ಚಿತ್ರ ಬಂದು, ಆಟ ಶುರು ಆತು ಅನ್ನೂದರಾಗ ಟಪ್ ಅಂತ ಪೂರಾ ಬಂದ್ ಆಗತಿತ್ತು. ಮತ್ತ ಚಾಲೂ ಮಾಡಿದ್ರ ಮತ್ತ ಹಂಗ. ಮೂರು ದಿವಸ ತೆಲಿ ಕೆಡಿಸಿಕೊಂಡೆ. ಅಂಗಡಿಗೆ ಫೋನ್ ಹಚ್ಚಿದ್ರ ಮಾಲಕ, "ಮೇಡಮ್, ನಿಮ್ಮ ಹಳ್ಳಿ ಕರೆಂಟು ಸರಿ ಇರೂದಿಲ್ರಿ, ನಮ್ಮ ಸಾಮಾನು ಸರಿ ಐತಿ" ಅಂದ. ನಾ ಉರದು ಬಿದ್ದೆ. ಕಾಕಾಗ ಹೇಳಿದ್ರ ಅವರು ನನಗಿಂತ ಹೆಚ್ಚು ಉರದ್ರು. "ಹಳ್ಳಿ ಕರೆಂಟಿಗೆ ಬ್ಯಾರೆ ಬಣ್ಣ ಇರತೈತೇನು?" ಅಂತ ಮೀಟರ್ ತಂದು ನನ್ನ ಗ್ವಾಡಿಯ ಸಾಕೆಟ್ಟಿಗೆ ಹಚ್ಚಿದ್ರು. ದಿನಕ್ಕ ಐದು ಸಲ ನೋಡಿದ್ರು. ಕರೆಂಟು ಹೆಚ್ಚಿಗಿ ಅತ್ತಿತ್ತ ಆಗಲಿಲ್ಲ. "ಡಬ್ಬಿ ಬಿಚ್ಚಿಕೊಂಡು ಬಾ" ಅಂದ್ರು.

ಡಬ್ಬಿ ಅಂದ್ರ ಎಸ್‌ಎಂಪಿಎಸ್. ಗ್ವಾಡಿಯ ಕರೆಂಟು ಹೀರಿ, ಕಂಪ್ಯೂಟರಿನ ಉಳಿದ ಸಾಮಾನಿಗೆ ಅವಕ್ಕ ಬೇಕಾದಷ್ಟು ಹಂಚೂದು ಅದ. ನನ್ನ ಡಬ್ಬಿ ಮ್ಯಾಲೆ ಏಳುನೂರಾ ಐವತ್ತು ವ್ಯಾಟ್ ಅಂತ ಬಂಗಾರದ ಬಣ್ಣದಾಗ ಬರದಿತ್ತು. ಅದರ ಹಸರು ತಂತಿಗೂ ಕರಿ ತಂತಿಗೂ ಒಂದು ಪಿನ್ನು ಚುಚ್ಚಿದ್ರ, ಕಂಪ್ಯೂಟರ್ ಇಲ್ಲದನೂ ಡಬ್ಬಿ ಚಾಲೂ ಆಗತೈತಿ. ನಾ ಚುಚ್ಚಿ ತೋರಿಸಿದೆ, ಫ್ಯಾನ್ ತಿರಗಿತು. ಇಂಟರ್‌ನೆಟ್ಟಿನ್ಯಾಗ ಎಲ್ಲಾರೂ ಫ್ಯಾನ್ ತಿರಗಿದ್ರ ಡಬ್ಬಿ ಸರಿ ಐತಿ ಅಂತಾರರಿ ಅಂದೆ. ಕಾಕಾ ನನ್ನ ಮಾರಿ ನೋಡಿದ್ರು. ಅಲ್ಲಿಂದ ಮುಂದಿನ ಬೈಗುಳ ಇಲ್ಲಿ ಬರಿಯಾಕ ಬರೂದಿಲ್ಲ.

ಹಿಂದಿನ ಖೋಲಿಯೊಳಗ ಒಂದು ಹಲಗಿ ಇತ್ತು. ಅದರ ಮ್ಯಾಲೆ ಟ್ರ್ಯಾಕ್ಟರಿನ ಮುಂದಿನ ದೀಪದ ಬಲ್ಬು ಎಂಟು, ಸಾಲಾಗಿ, ಒಂದೊಂದಕ್ಕ ಒಂದೊಂದು ಬಟನ್. ಬ್ಯಾಟರಿ ಪರೀಕ್ಷೆ ಮಾಡಾಕ ಮಾಡಿಕೊಂಡಿದ್ರು. ಡಬ್ಬಿಯ ಹಳದಿ ತಂತಿ ಎಲ್ಲಾ ಕೂಡಿಸಿ ಹಲಗಿಗೆ ಹಚ್ಚಿದ್ರು, ಮೀಟರ್ ನನ್ನ ಕೈಯಾಗ ಕೊಟ್ರು. "ಒಂದೊಂದ ಹಾಕಬೇಕು, ಗಿರಿಜಿ. ಬಲ್ಬು ತಣ್ಣಗಿದ್ದಾಗ ಒಮ್ಮೆಲೆ ಭಾಳ ಜಗ್ಗತೈತಿ. ಎಂಟೂ ಕೂಡೆ ಹಾಕಿದ್ರ ಚಲೋ ಡಬ್ಬಿನೂ ಬೀಳತೈತಿ. ಅದು ಪರೀಕ್ಷೆ ಅಲ್ಲ, ಮೋಸ. ಡಬ್ಬಿಗೂ ನ್ಯಾಯ ಇರಬೇಕು." ಒಂದನೇ ಬಲ್ಬು ಹತ್ತಿತು, ಮೀಟರ್ ಹನ್ನೆರಡು ವೋಲ್ಟ್ ತೋರಿಸಿತು. ಎರಡು, ಮೂರು. ನಾಕನೇದಕ್ಕ ಹನ್ನೊಂದೂವರಿಗೆ ಇಳೀತು. ಐದನೇದು ಹಾಕಿದಾಗ ಎಲ್ಲಾ ಬಲ್ಬು ಮಂಕಾದವು, ಮೀಟರ್ ಹತ್ತೂವರಿಗೆ ಬಂತು, ಸುಟ್ಟ ವಾಸನಿ ಹೊಂಟಿತು, ಡಬ್ಬಿ ಟಪ್ ಅಂತ ಬಂದ್ ಆತು. ಒಂದು ಬಲ್ಬಿಗೆ ಐವತ್ತೈದು ವ್ಯಾಟ್, ಐದು ಬಲ್ಬು ಅಂದ್ರ ಮುನ್ನೂರು ಸೈತ ಆಗೂದಿಲ್ಲ.

ನಾ ತಪ್ಪು ಸಿಕ್ಕಿತಲ್ಲ ಅಂತ ಉಸಿರು ಬಿಟ್ಟು, ಅಂಗಡಿಗೆ ಫೋನ್ ಹಚ್ಚಾಕ ಹೊರಗ ಹೋದೆ. ವಾಪಸ್ ಬರೂದರಾಗ ಕಾಕಾ ಬ್ರಷ್ ತೊಳೀಲಿಕ್ಕತ್ತಿದ್ರು. ಬಂಗಾರದ ಅಕ್ಷರದ ಮ್ಯಾಲೆ, ಅಡ್ಡಕ್ಕ, ಕೆಂಪಗ 'ಸುಳ್ಳ'.

ಕೂಗ್ಯಾಡಿದೆ. ಬಣ್ಣ ಬಡದ ಡಬ್ಬಿಯನ್ನ ಯಾವ ಅಂಗಡಿಯವ ವಾಪಸ್ ತಗೋತಾನ ಅಂತ ಕೇಳಿದೆ. ಪಟ್ಟಿಗೆ ಒಂದು ಗೀರು ಬಿದ್ರೂ ವಾರಂಟಿ ಹೋಗತೈತಿ ಅನ್ನೂದು ಕಾಕಾಗ ಗೊತ್ತ ಇರಲಿಲ್ಲ. ನಲವತ್ತು ವರ್ಷ ಹಿಂಗ ಬರಕೋತ ಬಂದವರಿಗೆ, ಖರೆ ಮಾತು ಬರದದ್ದಕ್ಕ ಸಾಮಾನು ಕೆಡತೈತಿ ಅಂದ್ರ ತಿಳೀಲೂ ಇಲ್ಲ. "ನಾ ಬರತೀನಿ ನಡಿ, ಅವನ ಕಣ್ಣಮುಂದ ಹಚ್ಚಿ ತೋರಸೂಣು" ಅಂತ ಮರುದಿನ ಎಂಟು ಬಲ್ಬಿನ ಹಲಗಿಯನ್ನ ಹಳೇ ಚಾದರದಾಗ ಸುತ್ತಿಕೊಂಡು ಹುಬ್ಬಳ್ಳಿ ಬಸ್ ಹತ್ತಿದ್ರು. ಅದು ಶನಿವಾರ. ರವಿವಾರ ನನ್ನ ಆಟ.

ಅಂಗಡಿ ಮಾಲಕ ಡಬ್ಬಿ ನೋಡಿ, ನಾ ಹೇಳಿದ್ಹಂಗನ, ಬಣ್ಣ ಬಡದದ್ದು ವಾಪಸ್ ಇಲ್ಲ ಅಂದ. ಕಾಕಾ ಕೌಂಟರಿನ ಮ್ಯಾಲೆ ಹಲಗಿ ಬಿಚ್ಚಿ ಇಟ್ಟು, ಡಬ್ಬಿ ಹಚ್ಚಿ, ಮೀಟರ್ ನನ್ನ ಕೈಯಾಗ ಕೊಟ್ಟು, ಒಂದೊಂದ ಬಟನ್ ಒತ್ತಿದ್ರು. ಐದನೇದಕ್ಕ ಬಿತ್ತು. "ಇದು ಕೆಟ್ಟಿರಬಹುದು" ಅಂತ ಮಾಲಕ ಸಿಟ್ಟಿಲೆ ಅದ ಕಂಪನಿಯ ಹೊಸಾ ಡಬ್ಬಿಯ ಸೀಲ್ ಒಡದು ಕೊಟ್ಟ. ಅದೂ ಐದನೇದಕ್ಕ ಬಿತ್ತು. ಅಷ್ಟರಾಗ ಗಿರಾಕಿಗಳು ಕೂಡಿದ್ರು. ಒಬ್ಬ ಹುಡುಗ ಫೋನ್ ಎತ್ತಿ ಹಿಡದಿದ್ದ, ಆದ್ರ ಅವ ಹಿಡದದ್ದು ಕೊನೀ ಗಳಿಗಿ ಅಷ್ಟ, ಬಲ್ಬು ಮಂಕಾಗಿ ಹೊಗಿ ಬಂದದ್ದು. ಮಾಲಕನ ಮಾರಿ ಬಿಳುಪಾತು.

ನನ್ನನ್ನ ಬಾಜೂಕ ಕರದ. ಅವನ ದನಿ ಈಗ ಬೆಣ್ಣಿ. "ಮೇಡಮ್, ಅಗದಿ ದೊಡ್ಡ ಕಂಪನಿ ಡಬ್ಬಿ ಕೊಡತೀನಿ, ಈಗಿಂದೀಗ. ಆ ಹುಡುಗನ ವಿಡಿಯೊ ಹೊರಗ ಹೋದ್ರ ನನ್ನ ಹೊಟ್ಟಿ ಮ್ಯಾಲೆ ಬೀಳತೈತ್ರಿ. ನೀವು ಒಂದ ಮಾತು ಹೇಳ್ರಿ ಸಾಕು. ಆ ಮುದುಕಾ ತಪ್ಪು ಹಚ್ಚಿದ, ಬಲ್ಬು ಎಲ್ಲಾ ಒಮ್ಮೆಲೆ ಹಾಕಿದ ಅಂತ." ಬ್ಯಾಡ ಅನ್ನಾಕ ನನಗ ಬಾಯಿ ಇತ್ತು. ಊರಾಗ ನನ್ನ ಬಾಯಿಗೆ ಹೆದರದವರಿಲ್ಲ. ಅವತ್ತು ನನ್ನ ತೆಲಿಯೊಳಗ ರವಿವಾರ ಬಿಟ್ರ ಏನೂ ಇರಲಿಲ್ಲ.

ಹೇಳಿದೆ. ಮಾಲಕನ ಫೋನಿನ ಮುಂದ ನಿಂತು, "ನಮ್ಮ ಕಾಕಾಗ ವಯಸ್ಸಾಗೇತಿ, ಕಂಪ್ಯೂಟರಿನ ಬಗ್ಗೆ ತಿಳುವಳಿಕಿ ಇಲ್ಲ, ಎಂಟೂ ಬಲ್ಬು ಒಮ್ಮೆಲೆ ಹಾಕಿದ್ರು, ಹಿಂಗ ಹಾಕಿದ್ರ ಚಲೋ ಡಬ್ಬಿನೂ ಬೀಳತೈತಿ" ಅಂದೆ. ಕಾಕಾ ನನಗ ಕಲಿಸಿದ ಮಾತನ್ನ ತಿರುವಿ ಕಾಕಾನ ಮ್ಯಾಲೆ ಹಾಕಿದೆ. ಕಾಕಾ ಬಾಗಲದಾಗ ನಿಂತು ತಂತಿ ಸುತ್ತಲಿಕ್ಕತ್ತಿದ್ರು. ಕೇಳಿಸಿಕೊಂಡ್ರು. ಇಲ್ಲಿ ಬರೀತೀನಿ, ಓದಿದವರು ನಾಕು ಮಂದಿಗೆ ಹೇಳ್ರಿ: ಬಾಬುಸಾಬ ಕಾಕಾ ಒಂದೊಂದ ಹಾಕಿದ್ರು. ಎರಡೂ ಸಲ. ನಾ ಒಂದು ಮೊಳ ದೂರದಾಗ ನಿಂತು ನೋಡೀನಿ.

ಬಸ್ಸಿನ್ಯಾಗ ಹಲಗಿ ತೊಡಿ ಮ್ಯಾಲೆ ಇಟ್ಟುಕೊಂಡು ಕುಂತಿದ್ರು. ನಾ "ಕಾಕಾ" ಅಂದೆ. ಹೊಸಾ ಡಬ್ಬಿ ನನ್ನ ಕೈಯಿಂದ ತಗೊಂಡು, ಎತ್ತಿ ನೋಡಿ, "ತೂಕ ಐತಿ, ಒಳಗ ಮಾಲು ಐತಿ ಇದಕ್ಕ" ಅಂದ್ರು. ಊರು ಮುಟ್ಟಿದ ಮ್ಯಾಲೆ ನಾ ಕೇಳದಿದ್ರೂ ತಾವ ಹಿಂದಿನ ಖೋಲಿಗೆ ಒಯ್ದು ಹಚ್ಚಿದ್ರು. ಒಂದೊಂದ, ಎಂಟೂ ಬಲ್ಬು. ಖೋಲಿ ತುಂಬ ಬೆಳಕು, ಧಗಿ. ಅರ್ಧ ತಾಸು ಇಟ್ರು. ಮೀಟರ್ ಹನ್ನೆರಡರಿಂದ ಅಲ್ಲಾಡಲಿಲ್ಲ. "ಖರೆ ಐತಿ, ಒಯ್ಯಿ" ಅಂದ್ರು, ಆದ್ರ ಬ್ರಷ್ ಮುಟ್ಟಲಿಲ್ಲ, ವಾರಂಟಿ ಹೋಗತೈತಿ ಅಂತ. ಬೈಯಬೇಕಾದವರು ಹಿಂಗ ಮಾಡಿದ್ರ ನಾ ಏನು ಮಾಡಬೇಕಿತ್ತು? ಒಂದು ಕಪಾಳಕ್ಕ ಹಾಕಬಾರದಾಗಿತ್ತೇನು? ಆ ಸಿಟ್ಟು ನನಗ ಇವತ್ತಿಗೂ ಐತಿ.

ರವಿವಾರ ಆಡಿದೆ. ಗೆದ್ದೆ. ತಂಡಕ್ಕ ತಗೊಂಡ್ರು.

ನಾ ಮಾತಾಡಿದ ವಿಡಿಯೊ ಹುಬ್ಬಳ್ಳಿಯಿಂದ ಸಂಶಿಗೆ ಬರಾಕ ಎರಡು ದಿನ ಹಿಡೀಲಿಲ್ಲ. ಪಂಪು ಮಾರೋ ಏಜೆಂಟರು ಎಷ್ಟು ವರ್ಷದಿಂದ ಕಾಯ್ತಿದ್ರೋ ಏನೋ, ರೈತರ ಗ್ರೂಪಿನ್ಯಾಗೆಲ್ಲಾ ಅವರ ಹಾಕಿದ್ರು. "ನೋಡ್ರಿ, ಅವರ ಬಾಜೂ ಅಂಗಡಿ ಹುಡುಗಿನ ಹೇಳ್ಯಾಳ." ಚಾದಂಗಡಿ ಮುಂದ ಕಾಕಾ ಹಾದುಹೋದ್ರ, "ಕಾಕಾ, ಒಂದೊಂದ ಹಚ್ರೀಪಾ" ಅಂತ ನಗತಿದ್ರು. ತಂಬೂರ ಊರಿನವನೊಬ್ಬ ಮೋಟರ್ ಒಯ್ಯಾಕ ಬಂದು, ಕಾಕಾನ ಮುಂದ ಸೀಮೆಎಣ್ಣಿ ಅರವಿ ತಗದು ಆ ಕೆಂಪು ಅಕ್ಷರ ತಿಕ್ಕಿದ. "ನಿಮ್ಮ ಪರೀಕ್ಷೆ ಬ್ಯಾಡ್ರಿ ಇನ್ನ ಮ್ಯಾಲೆ, ತಂತಿ ಅಷ್ಟ ಸುತ್ತಿ ಕೊಡ್ರಿ" ಅಂದ. ಅವನಿಗೆ ಕಾಕಾ ಬೈಲಿಲ್ಲ. ನಾ ಗ್ವಾಡಿ ಈ ಕಡೆ ಕುಂತು ಕಾಯ್ದೆ, ಈಗ ಬೈತಾರ, ಈಗ ಬೈತಾರ ಅಂತ. ತಂತಿ ಸುತ್ತೋ ಮಿಷನ್ನಿನ ಸಪ್ಪಳ ಅಷ್ಟ ಕೇಳಸ್ತು. ಆ ಮನಿಷಾನ ಅಂಗಡಿಯೊಳಗ ಇದ್ದದ್ದು ಒಂದ ಆಸ್ತಿ, ಅವರು ಖರೆ ಅಂದ್ರ ಖರೆ ಅನ್ನೂದು. ಅದನ್ನ ನಾ ಒಂದು ತಗಡಿನ ಡಬ್ಬಿಗೆ ಕೊಟ್ಟು ಬಂದಿದ್ದೆ.

ತಿಂಗಳಾದ ಮ್ಯಾಲೆ ತಡೀಲಾರದ ಒಂದು ಸೋಮವಾರ ನನ್ನ ಅಂಗಡಿಯೊಳಗ ಬಾಗಲಾ ಹಾಕಿಕೊಂಡು ಇನ್ನೊಂದು ವಿಡಿಯೊ ಮಾಡಿದೆ. ಯಾರಿಗೂ ಕಳಸೂಕಿಂತ ಮೊದಲ ಕಾಕಾಗ ತೋರಸೂಣು ಅಂತ ಹೋದೆ. ಅದರಾಗ, "ಅವತ್ತು ನಾನು ಹೇಳಿದ್ದು ಸ್ವಲ್ಪ ತಪ್ಪಿರಬಹುದು, ಗಡಬಡಿಯೊಳಗ ಸರಿಯಾಗಿ ನೋಡಿರಲಿಲ್ಲ, ಕಾಕಾಗ ಬೇಜಾರಾಗಿದ್ರ ಕ್ಷಮಾ ಇರಲಿ" ಅಂತ ಇತ್ತು. ಕಾಕಾ ಕೈ ಒರಸಿಕೊಂಡು, ಫೋನನ್ನ ದೂರ ಹಿಡದು ಪೂರಾ ನೋಡಿದ್ರು. ಮತ್ತೊಮ್ಮೆ ಹಾಕು ಅಂದ್ರು, ಹಾಕಿದೆ, ಮತ್ತ ನೋಡಿದ್ರು.

"ದನಿ ಸಣ್ಣದಾಗೇತಲ್ಲಬೇ ಗಿರಿಜಿ" ಅಂದ್ರು. "ಆ ಅಂಗಡ್ಯಾಗ ಭಾಳ ದೊಡ್ಡ ದನಿ ಇತ್ತು ನಿಂದು. ಬಾಗಲದ ತನಕ ಕೇಳಸ್ತು."

ಕಾಕಾ ಫೋನ್ ವಾಪಸ್ ಕೊಟ್ರು.

"ನೀ ಸರಿಯಾಗಿ ನೋಡಿದ್ದಿ. ಮೀಟರ್ ನಿನ್ನ ಕೈಯಾಗ ಇತ್ತು."

"ಹೌದ್ರಿ ಕಾಕಾ."

"ಹಂಗಾರ ಹಂಗ ಹೇಳು. ಸ್ವಲ್ಪ ಅನ್ನೂದು ತಗಿ."

"ಇನ್ನೊಮ್ಮೆ ಮಾಡತೀನ್ರಿ. ನಾಳೆ ಮಾಡತೀನಿ."

"ಮಾಡು" ಅಂದ್ರು.

ಮರುದಿನ ತಂಡದ ಮ್ಯಾಚ್ ಇತ್ತು. ಬುಧವಾರನೂ ಇತ್ತು, ಗುರುವಾರ ಫೈನಲ್. ಶುಕ್ರವಾರ ಮುಂಜಾನೆ ಕಾಕಾನ ಅಂಗಡಿ ಮುಂದ ಮಂದಿ ನಿಂತಿತ್ತು, ರಾತ್ರಿ ಎದಿ ಹಿಡದು ಹೋದ್ರಂತ ಯಾರೋ ಹೇಳಿದ್ರು. ನಾ ಇನ್ನೂ ಮಾಡಿರಲಿಲ್ಲ.